ಕೀಲಿ ತಿರುಗಿಸಿದರೂ ಆರದ ಪೆಟ್ಟಿಗೆ

ಪಾಲಿಟೆಕ್ನಿಕ್ಕಿನ ಗುರುಗಳೇ, ವಿದ್ಯಾರ್ಥಿಗಳೇ, ಹಿಂದಿನ ಸಾಲಿನಲ್ಲಿ ಶಿಫ್ಟ್ ಮುಗಿಸಿ ಕೆಲಸದ ಬಟ್ಟೆಯಲ್ಲೇ ಬಂದು ಕೂತಿರುವ ಗೆಳೆಯರೇ,

ನನ್ನ ಪಕ್ಕದ ಮೇಜಿನ ಮೇಲೆ ಎರಡು ಬ್ಯಾಟರಿಗಳಿವೆ. ಒಂದು ಎಕ್ಸ್‌ಕವೇಟರಿನಿಂದ ಬಿಚ್ಚಿ ತಂದವು. ಯಾವ ಕಂಪನಿಯ ಯಂತ್ರವಾದರೂ ನಮ್ಮ ಕಡೆ ಅದಕ್ಕೆ ಹಿಟಾಚಿ ಅಂತಲೇ ಹೆಸರು, ನಾನೂ ಹಾಗೇ ಕರೆಯುತ್ತೇನೆ. ಒಂದೊಂದು ಬ್ಯಾಟರಿಯೂ ಸುಮಾರು ನಲವತ್ತೈದು ಕಿಲೋ ತೂಗುತ್ತದೆ. ಬೆಳಗ್ಗೆ ಈ ಮೆಟ್ಟಿಲು ಹತ್ತಿಸಲು ಒಂದೊಂದಕ್ಕೂ ಇಬ್ಬಿಬ್ಬರು ಹುಡುಗರು ಬೇಕಾದರು. ಉಪನ್ಯಾಸ ಮುಗಿದ ಮೇಲೆ ಇವು ನಮಗೆ ಬೇಕಾಗುತ್ತವೆ. ಅಲ್ಲಿಯವರೆಗೆ ಯಾರೂ ಹತ್ತಿರ ಬರಬೇಡಿ.

ದತ್ತಿ ಉಪನ್ಯಾಸಕ್ಕೆ ಕರೆದಾಗ ವಿಷಯ ಏನೆಂದು ಕೇಳಿದರು. ಬ್ಯಾಟರಿ ನೋಡುವುದು, ಬ್ಯಾಟರಿ ಬದಲಿಸುವುದು ಅಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಇಷ್ಟು ಸಣ್ಣ ವಿಷಯವೇ ಎಂಬ ಅನುಮಾನ ಅವರದು. ಮೂವತ್ತು ವರ್ಷ ಗಣಿ ಯಂತ್ರಗಳ ರಿಪೇರಿಯಲ್ಲಿ ಕಳೆದವನು ನಾನು. ಎಂಜಿನ್ ಇಳಿಸಿ ಹತ್ತಿಸಿದ್ದೇನೆ, ಹೈಡ್ರಾಲಿಕ್ ಪಂಪು ಬಿಚ್ಚಿ ಜೋಡಿಸಿದ್ದೇನೆ. ಆದರೆ ನನ್ನ ಕಣ್ಣೆದುರು ಮನುಷ್ಯನೊಬ್ಬ ಕಣ್ಣು ಕಳೆದುಕೊಂಡದ್ದು ಇಂಥದೊಂದು ಪೆಟ್ಟಿಗೆಯಿಂದ. ಅದಕ್ಕೇ ಈ ವಿಷಯ.

1994ರ ಬೇಸಿಗೆ. ಸಂಡೂರು ಗುಡ್ಡದ ಮೇಲಿನ ಒಂದು ಕಬ್ಬಿಣದ ಅದಿರಿನ ಗಣಿ. ಬೆಳಗಿನ ಪಾಳಿಗೆ ಹಿಟಾಚಿ ಏಳಲಿಲ್ಲ. ಕೀಲಿ ತಿರುಗಿಸಿದರೆ 'ಟಕ್' ಅಂದು ಸುಮ್ಮನಾಗುತ್ತಿತ್ತು. ಬ್ಯಾಟರಿ ಕೂತಿದೆ, ರಾತ್ರಿ ಚಾರ್ಜಿಗೆ ಹಾಕಿದ್ದ ಜೋಡಿ ಶೆಡ್ಡಿನಲ್ಲಿದೆ, ಅದನ್ನು ತಾ ಎಂದು ಹೆಲ್ಪರನನ್ನು ಕಳಿಸಿದೆ. ಹತ್ತೊಂಬತ್ತು ವರ್ಷದ ಹುಡುಗ, ಕೆಲಸಕ್ಕೆ ಸೇರಿ ಮೂರು ತಿಂಗಳು. ಓಡಿ ಹೋದ. ಚಾರ್ಜರಿನ ಸ್ವಿಚ್ ಆರಿಸಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಬಾಗಿ ಕ್ಲಿಪ್ಪು ಕಿತ್ತ. ಪಟಾಕಿಗಿಂತ ದಪ್ಪನೆಯ, ಮುಚ್ಚಿದ ಡಬ್ಬಿ ಒಡೆದಂಥ ಸದ್ದು ನಮಗೆ ಹೊರಗೆ ಕೇಳಿಸಿತು. ಓಡಿ ಹೋಗಿ ನೋಡಿದರೆ ಬ್ಯಾಟರಿಯ ಮೇಲ್ಭಾಗವೇ ಇಲ್ಲ. ಹುಡುಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನೆಲದ ಮೇಲೆ ಹೊರಳಾಡುತ್ತಿದ್ದ. "ಮೇಸ್ತ್ರಿ, ಕಣ್ಣು ಉರಿತೈತ್ರಿ, ಏನೂ ಕಾಣವಲ್ದು" ಅಂತ ಅದೊಂದೇ ಮಾತು.

ಶೆಡ್ಡಿನಲ್ಲಿ ನೀರಿನ ನಲ್ಲಿ ಇರಲಿಲ್ಲ. ಕುಡಿಯುವ ನೀರಿನ ಮಡಕೆ ಇತ್ತು, ಅದನ್ನು ಅವನ ಮುಖದ ಮೇಲೆ ಸುರಿದೆವು. ಅರ್ಧ ನಿಮಿಷಕ್ಕೆ ಮುಗಿಯಿತು. ಆ ಹೊತ್ತಿಗೆ ದಾರಿಯ ಧೂಳಿಗೆ ನೀರು ಹೊಡೆಯುವ ಟ್ಯಾಂಕರು ಕೆಳಗಿನಿಂದ ಹತ್ತಿ ಬರುತ್ತಿತ್ತು. ಡ್ರೈವರು ನಮ್ಮ ಕೂಗಾಟ ನೋಡಿ ನಿಲ್ಲಿಸಿ ಹಿಂದಿನ ವಾಲ್ವ್ ಬಿಚ್ಚಿದ. ಹುಡುಗನನ್ನು ಎತ್ತಿ ಆ ನೀರಿನ ಕೆಳಗೆ ಹಿಡಿದು, ಬಿಗಿದುಕೊಂಡಿದ್ದ ರೆಪ್ಪೆಗಳನ್ನು ನಾನು ಬೆರಳಲ್ಲಿ ಬಿಡಿಸಿ ಹಿಡಿದೆ. ಎಷ್ಟು ಹೊತ್ತು ಹಿಡಿದಿದ್ದೆನೋ ಗೊತ್ತಿಲ್ಲ, ಟ್ಯಾಂಕರ್ ಖಾಲಿಯಾಗುವವರೆಗೆ. ಆಸ್ಪತ್ರೆಯ ವೈದ್ಯರು ಆಮೇಲೆ ಹೇಳಿದರು, ಎಡಗಣ್ಣು ಉಳಿದದ್ದು ಆ ನೀರಿನಿಂದ. ಬಲಗಣ್ಣಿನಲ್ಲಿ ಹೂವು ಬಿತ್ತು. ಇಂದಿಗೂ ಅವನಿಗೆ ಆ ಕಣ್ಣಿನಲ್ಲಿ ಬೆಳಕು ಕತ್ತಲೆಯಷ್ಟೇ ತಿಳಿಯುತ್ತದೆ.

ಕಳಿಸಿದವನು ನಾನು. ಅವನಿಗೆ ಹೇಳಿಕೊಡಬೇಕಾಗಿದ್ದವನೂ ನಾನು. ನನಗೂ ಅಲ್ಲಿಯವರೆಗೆ ಯಾರೂ ಹೇಳಿಕೊಟ್ಟಿರಲಿಲ್ಲ ಎಂಬುದು ನಿಜ, ಅದರಿಂದ ಅವನ ಕಣ್ಣು ವಾಪಸ್ ಬರುವುದಿಲ್ಲ. ಆವತ್ತಿನಿಂದ ನಾನು ಈ ಪೆಟ್ಟಿಗೆಯನ್ನು ಓದಲು ಶುರುಮಾಡಿದೆ.

ಅಂದು ಆದದ್ದೇನು? ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಎರಡು ಸೀಸದ ಹಾಳೆಗಳನ್ನು ನಡುವೆ ಬಟ್ಟೆ ಇಟ್ಟು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದ. ಅದರೊಳಗೆ ವಿದ್ಯುತ್ತನ್ನು ತುಂಬಿಡಬಹುದು, ಬೇಕಾದಾಗ ತೆಗೆಯಬಹುದು ಎಂದು ಕಂಡಿತು. ಈ ಮೇಜಿನ ಮೇಲಿರುವುದೂ ಮೂಲತಃ ಅದೇ. ಒಳಗೆ ಆರು ಗೂಡು, ಅಂದರೆ ಆರು ಸೆಲ್. ಒಂದೊಂದು ಎರಡು ವೋಲ್ಟಿಗಿಂತ ತುಸು ಹೆಚ್ಚು ಕೊಡುತ್ತದೆ. ಚಾರ್ಜು ಪೂರ್ತಿ ತುಂಬಿದ ಮೇಲೂ ಕರೆಂಟು ಕೊಡುತ್ತಲೇ ಹೋದರೆ ಅದು ತುಂಬಲು ಜಾಗವಿಲ್ಲದೆ ಒಳಗಿನ ನೀರನ್ನೇ ಒಡೆಯುತ್ತದೆ. ನೀರು ಒಡೆದರೆ ಜಲಜನಕ ಮತ್ತು ಆಮ್ಲಜನಕ. ಒಂದು ಲೆಕ್ಕ ನೋಡಿ: ತುಂಬಿದ ಬ್ಯಾಟರಿಗೆ ಹತ್ತು ಆಂಪಿಯರಿನಂತೆ ಒಂದು ಗಂಟೆ ಚಾರ್ಜು ಕೊಟ್ಟರೆ ಆರೂ ಸೆಲ್ಲುಗಳಿಂದ ಸುಮಾರು 25 ಲೀಟರ್ ಜಲಜನಕ ಹೊರಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಭಾಗ ಇದ್ದರೆ ಸಾಕು, ಹೊತ್ತಿಕೊಳ್ಳಬಲ್ಲದು. ಬಣ್ಣವಿಲ್ಲ, ವಾಸನೆಯಿಲ್ಲ. ಹೊತ್ತಿಸಲು ಬೀಡಿಯೇ ಬೇಕಿಲ್ಲ, ಕ್ಲಿಪ್ಪು ಕೀಳುವಾಗ ಹಾರುವ ಸಾಸಿವೆಯಷ್ಟು ಕಿಡಿ ಸಾಕು. ಆ ಕಿಡಿ ಹಾರುವುದು ಎಲ್ಲಿ? ಟರ್ಮಿನಲ್ಲಿನ ಮೇಲೆ, ಅನಿಲ ಹೊರಬರುವ ಮುಚ್ಚಳದ ತೂತಿನಿಂದ ಗೇಣು ದೂರದಲ್ಲಿ. ಬೆಂಕಿ ಆ ತೂತಿನ ಮೂಲಕ ಒಳಗೆ ನುಗ್ಗುತ್ತದೆ. ಡಬ್ಬಿ ಸಿಡಿಯುತ್ತದೆ, ಜೊತೆಗೆ ಆಸಿಡ್ಡು ಮುಖಕ್ಕೆ ಎರಚುತ್ತದೆ.

ಆದ್ದರಿಂದ ಚಾರ್ಜರ್ ಹಚ್ಚುವಾಗ ಮೊದಲು ಕ್ಲಿಪ್ಪು, ಆಮೇಲೆ ಸ್ವಿಚ್ಚು. ತೆಗೆಯುವಾಗ ಮೊದಲು ಸ್ವಿಚ್ಚು, ಆಮೇಲೆ ಕ್ಲಿಪ್ಪು. ಚಾರ್ಜು ಮಾಡುವ ಜಾಗದಲ್ಲಿ ಗಾಳಿ ಆಡಬೇಕು. ಜಲಜನಕ ಗಾಳಿಗಿಂತ ಹದಿನಾಲ್ಕು ಪಟ್ಟು ಹಗುರ, ಮೇಲಕ್ಕೇರುತ್ತದೆ. ಆದ್ದರಿಂದ ಕಿಟಕಿ ಕೆಳಗಿದ್ದರೆ ಉಪಯೋಗವಿಲ್ಲ, ಸೂರಿನ ಕೆಳಗೆ ಬೆಳಕಿಂಡಿ ಇರಬೇಕು.

ಇನ್ನು ಎರಡನೆಯ ಅಪಾಯ. ಇದು ನನ್ನ ಎಡಗೈಯ ಮೇಲೇ ಇದೆ. ಉಂಗುರ ಬೆರಳಿನ ಬುಡದಲ್ಲಿ ಸುತ್ತಲೂ ಒಂದು ಬಿಳಿ ಗೆರೆ. ಮದುವೆಯಾದ ವರ್ಷ, ಹೊಸ ಉಂಗುರ. ಪ್ಲಸ್ ಟರ್ಮಿನಲ್ಲಿನ ನಟ್ಟು ಬಿಚ್ಚುತ್ತಿದ್ದೆ. ಪಾನಾ ಹಿಡಿದ ಕೈಯ ಉಂಗುರ ಯಂತ್ರದ ಚೌಕಟ್ಟಿಗೆ ತಾಗಿತು. ಕ್ಷಣಾರ್ಧ. ಉಂಗುರ ಕೆಂಪಗೆ ಕಾದು ಮಾಂಸದೊಳಗೆ ಕೂತಿತು. "ಹನ್ನೆರಡು ವೋಲ್ಟು, ಇಪ್ಪತ್ನಾಲ್ಕು ವೋಲ್ಟು ಏನು ಮಾಡೀತು, ಶಾಕ್ ಹೊಡೆಯಲ್ಲ" ಅನ್ನುವವರಿಗೆ ನಾನು ಈ ಬೆರಳು ತೋರಿಸುತ್ತೇನೆ. ಶಾಕ್ ಹೊಡೆಯುವುದಿಲ್ಲ ಎಂಬುದು ಸರಿ, ಒಣ ಚರ್ಮವನ್ನು ದಾಟಲು ಅಷ್ಟು ವೋಲ್ಟು ಸಾಲದು. ಆದರೆ ಲೋಹ ಸಿಕ್ಕಿದರೆ ಇದು ಸುರಿಯುವ ಕರೆಂಟಿಗೆ ಲೆಕ್ಕವಿಲ್ಲ. ನಮ್ಮ ಮನೆಯ ಮೇನ್ ಬೋರ್ಡಿನಲ್ಲಿ 32 ಆಂಪಿಯರ್ ದಾಟಿದರೆ ಸ್ವಿಚ್ಚು ತಾನೇ ಕೆಳಗೆ ಬೀಳುತ್ತದೆ. ದೊಡ್ಡ ಡೀಸೆಲ್ ಎಂಜಿನ್ನನ್ನು ಎಬ್ಬಿಸುವ ಸೆಲ್ಫ್ ಮೋಟರು ತಿರುಗುವಾಗಲೇ ಕೆಲವು ನೂರು ಆಂಪಿಯರ್ ಎಳೆಯುತ್ತದೆ. ಪಾನಾ ಅಡ್ಡ ಬಿದ್ದರೆ ಸಾವಿರ ದಾಟುತ್ತದೆ. ಬ್ಯಾಟರಿಯ ಎರಡು ಟರ್ಮಿನಲ್ಲುಗಳ ನಡುವೆ ಫ್ಯೂಸೂ ಇಲ್ಲ, ಬೀಳುವ ಸ್ವಿಚ್ಚೂ ಇಲ್ಲ.

ಇಲ್ಲೇ ನನ್ನ ಮುಖ್ಯ ಮಾತಿದೆ. ಯಂತ್ರದ ಬೇರೆಲ್ಲವನ್ನೂ ನಾವು ನಿಲ್ಲಿಸಬಲ್ಲೆವು. ಎಂಜಿನ್ ಆರಿಸುತ್ತೇವೆ, ಬಕೆಟ್ ನೆಲಕ್ಕಿಳಿಸಿ ಹೈಡ್ರಾಲಿಕ್ ಒತ್ತಡ ಬಿಡಿಸುತ್ತೇವೆ, ಬಿಸಿಯಾದದ್ದು ತಣಿಯುತ್ತದೆ. ಬ್ಯಾಟರಿಯನ್ನು ಮಾತ್ರ ಆರಿಸಲು ಬರುವುದಿಲ್ಲ. ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರೂ ಅದು ಹಾಗೇ ಎಚ್ಚರವಾಗಿರುತ್ತದೆ. ಬಿಚ್ಚಿ ನೆಲದ ಮೇಲಿಟ್ಟರೂ ಎಚ್ಚರ. ಆದ್ದರಿಂದ ಅದರ ಕೆಲಸದಲ್ಲಿ ನಮ್ಮನ್ನು ಕಾಯುವುದು ಯಾವುದನ್ನು ಮೊದಲು ಮುಟ್ಟಬೇಕು, ಯಾವುದನ್ನು ಆಮೇಲೆ ಎಂಬ ಕ್ರಮ ಒಂದೇ. ಆ ಕ್ರಮವನ್ನು ಬಾಯಿಪಾಠ ಮಾಡಿಸುವವರು ಬಹಳ. ಯಾಕೆ ಎಂದು ಹೇಳುವವರು ಕಡಿಮೆ. ಯಾಕೆ ಎಂದು ಗೊತ್ತಿಲ್ಲದವನು ಅವಸರದ ದಿನ ಅದನ್ನೇ ಮೊದಲು ಬಿಡುತ್ತಾನೆ.

ಬನ್ನಿ, ಯಾಕೆ ಅಂತ ನೋಡೋಣ. ದೊಡ್ಡ ಯಂತ್ರಗಳಲ್ಲಿ 24 ವೋಲ್ಟು. 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿದ ಹಾಗೆ ಜೋಡಿಸಿರುತ್ತಾರೆ. ಮೊದಲನೆಯದರ ಮೈನಸ್ಸಿನಿಂದ ದಪ್ಪ ವಯರು ಯಂತ್ರದ ಚೌಕಟ್ಟಿಗೆ ಹೋಗುತ್ತದೆ, ಅದೇ ಅರ್ತ್. ಮೊದಲನೆಯದರ ಪ್ಲಸ್ಸಿನಿಂದ ಎರಡನೆಯದರ ಮೈನಸ್ಸಿಗೆ ಒಂದು ತುಂಡು ವಯರು, ಅದಕ್ಕೆ ಲಿಂಕ್ ಅನ್ನುತ್ತೇವೆ. ಎರಡನೆಯದರ ಪ್ಲಸ್ಸಿನಿಂದ ಸೆಲ್ಫಿಗೆ. ಅಂದರೆ ಅರ್ತ್ ವಯರು ಇರುವವರೆಗೆ ಆ ಇಡೀ ಇಪ್ಪತ್ತು ಟನ್ ಕಬ್ಬಿಣ, ಏಣಿ, ಬಾನೆಟ್ಟು, ಬ್ಯಾಟರಿ ಕೂತ ಪೆಟ್ಟಿಗೆ, ಎಲ್ಲವೂ ಮೈನಸ್ ಟರ್ಮಿನಲ್ಲೇ. ಪ್ಲಸ್ಸಿನ ನಟ್ಟಿಗೆ ಪಾನಾ ಹಾಕಿ ತಿರುಗಿಸುವಾಗ ಅದರ ಇನ್ನೊಂದು ತುದಿ ಎಲ್ಲಿ ತಾಗಿದರೂ ಶಾರ್ಟ್. ನನ್ನ ಉಂಗುರಕ್ಕಾದದ್ದು ಅದೇ. ಮೊದಲು ಅರ್ತ್ ಬಿಚ್ಚಿದರೆ? ಅದನ್ನು ಬಿಚ್ಚುವಾಗ ಪಾನಾ ಚೌಕಟ್ಟಿಗೆ ತಾಗಿದರೂ ಮೈನಸ್ಸು ಮೈನಸ್ಸಿಗೇ ತಾಗಿದಂತೆ, ಏನೂ ಆಗುವುದಿಲ್ಲ. ಅದು ಬಿಚ್ಚಿದ ಮೇಲೆ ಇಡೀ ಯಂತ್ರ ಬರೀ ಕಬ್ಬಿಣ. ಆಮೇಲೆ ಪ್ಲಸ್ಸಿನ ಪಾನಾ ಚೌಕಟ್ಟಿಗೆ ತಾಗಿದರೂ ಕರೆಂಟಿಗೆ ಹಿಂದಿರುಗಲು ದಾರಿಯಿಲ್ಲ. ಕಟ್ಟುವಾಗ ಇದೇ ಕಾರಣಕ್ಕೆ ತಿರುಗಾಮುರುಗಾ: ಅರ್ತ್ ಕೊನೆಗೆ.

ಒಂದು ಎಚ್ಚರಿಕೆ ಮಾತ್ರ ಸೇರಿಸುತ್ತೇನೆ. ಅರ್ತ್ ಬಿಚ್ಚಿದರೆ ಯಂತ್ರದ ಮೈ ಸುಮ್ಮನಾಯಿತು, ಬ್ಯಾಟರಿಯಲ್ಲ. ಅದರದೇ ಪ್ಲಸ್ಸು ಮೈನಸ್ಸಿನ ನಡುವೆ ಪಾನಾ ಅಡ್ಡ ಬಿದ್ದರೆ ಮೊದಲಿನಷ್ಟೇ ಬೆಂಕಿ. ಅದಕ್ಕೇ ನಾನು ಬಿಚ್ಚಿದ ಟರ್ಮಿನಲ್ಲಿನ ಮೇಲೆ ಹಳೆಯ ಟ್ಯೂಬಿನ ರಬ್ಬರ್ ತುಂಡು ಮುಚ್ಚುತ್ತಿದ್ದೆ. ಪಾನಾದ ಹಿಡಿಗೆ ಇನ್ಸುಲೇಷನ್ ಟೇಪು ಸುತ್ತಿ, ನಟ್ಟಿಗೆ ಕೂರುವಷ್ಟು ಬಾಯಿ ಮಾತ್ರ ಬಿಡುತ್ತಿದ್ದೆ. ಉಂಗುರ, ವಾಚು, ಕಡಗ, ಕೊರಳ ಸರ ಎಲ್ಲ ಬಿಚ್ಚಿ ಊಟದ ಡಬ್ಬಿಯೊಳಗೆ.

ಹೊಸ ಯಂತ್ರಗಳಲ್ಲಿ ಇನ್ನೊಂದು ಹೆಜ್ಜೆ ಇದೆ. ಎಂಜಿನ್ ಆರಿಸಿದ ತಕ್ಷಣ, ಬ್ಯಾಟರಿಯನ್ನು ಯಂತ್ರದಿಂದ ಬೇರ್ಪಡಿಸುವ ಮಾಸ್ಟರ್ ಸ್ವಿಚ್ ಇಳಿಸಬಾರದು. ಒಳಗಿನ ಕಂಪ್ಯೂಟರು ಲೆಕ್ಕ ಬರೆದಿಟ್ಟು ಮಲಗಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ. ಯೂರಿಯಾ ದ್ರವದ ಪೈಪು ಇರುವ ಯಂತ್ರವಾದರೆ ಅದನ್ನು ಖಾಲಿ ಮಾಡಿಕೊಳ್ಳುತ್ತದೆ. ಕೆಲವದರಲ್ಲಿ ಅದಕ್ಕೆಂದೇ ಒಂದು ದೀಪ ಉರಿಯುತ್ತದೆ, ಅದು ಆರುವವರೆಗೆ ಕಾಯಿರಿ. ಮಾಸ್ಟರ್ ಸ್ವಿಚ್ ಇಳಿಸಿದ್ದೇನೆಂದು ಅರ್ತ್ ವಯರು ಬಿಚ್ಚದೆ ಬಿಡಬೇಡಿ. ಸ್ವಿಚ್ಚೂ ಒಂದು ಯಂತ್ರ, ಒಳಗೆ ಅಂಟಿಕೊಂಡಿದ್ದರೆ ಹೊರಗಿನಿಂದ ಕಾಣುವುದಿಲ್ಲ.

ಈಗ ಪರೀಕ್ಷೆಯ ವಿಚಾರ. ನಮ್ಮಲ್ಲಿ ಬ್ಯಾಟರಿ ಪರೀಕ್ಷೆ ಅಂದರೆ ಒಂದೇ: ವಯರು ತಾಗಿಸಿ ಕಿಡಿ ಹಾರಿಸಿ ನೋಡುವುದು. ದಪ್ಪ ಕಿಡಿ ಬಂದರೆ ಬ್ಯಾಟರಿ ಚೆನ್ನಾಗಿದೆ. ಇದನ್ನು ಕಲಿಸಿದ ಗುರುಗಳ ಬಗ್ಗೆ ನನಗೆ ಗೌರವವಿದೆ, ಅವರ ಕೈಯಲ್ಲೇ ನಾನು ಕೆಲಸ ಕಲಿತದ್ದು. ಆದರೆ ಇದನ್ನು ದಯವಿಟ್ಟು ನಿಲ್ಲಿಸಿ. ಅನಿಲ ಬರುವ ಜಾಗದಲ್ಲಿ ಬೇಕೆಂದೇ ಕಿಡಿ ಹಾರಿಸುವುದು, ಸೀಮೆಎಣ್ಣೆ ಡಬ್ಬಿಯಲ್ಲಿ ಎಣ್ಣೆ ಎಷ್ಟಿದೆ ಎಂದು ಕಡ್ಡಿ ಗೀರಿ ನೋಡುವುದು, ಎರಡೂ ಒಂದೇ. ಬ್ಯಾಟರಿಯೊಳಗೆ ನೀರು ಎಷ್ಟಿದೆಯೆಂದು ನೋಡಲು ಲೈಟರ್ ಹಚ್ಚಿದವರನ್ನೂ ಕಂಡಿದ್ದೇನೆ.

ಪರೀಕ್ಷೆ ಕಣ್ಣಿನಿಂದ ಶುರುವಾಗಬೇಕು. ಡಬ್ಬಿಯ ಗೋಡೆ ಉಬ್ಬಿದೆಯೇ? ಮೂಲೆಯಲ್ಲಿ ಬಿರುಕಿದೆಯೇ? ಕೆಳಗಿನ ತಟ್ಟೆ ಒದ್ದೆಯಾಗಿದೆಯೇ? ಬಿಗಿಯುವ ಪಟ್ಟಿ ಸಡಿಲವಾಗಿದೆಯೇ? ಈ ಪಟ್ಟಿಯನ್ನು ಬಹಳ ಜನ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಕಲ್ಲಿನ ಮೇಲೆ ಓಡಾಡುವ ಡೋಜರಿನಲ್ಲಿ ಬ್ಯಾಟರಿ ದಿನವಿಡೀ ಅಲುಗಿದರೆ ಪ್ಲೇಟಿನ ಮೇಲಿನ ಸೀಸದ ಹಿಟ್ಟು ಉದುರಿ ತಳದಲ್ಲಿ ಶೇಖರವಾಗುತ್ತದೆ, ಒಂದು ದಿನ ಒಳಗೇ ಶಾರ್ಟ್ ಆಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ, ಡಬ್ಬಿ ಕೈಗೆ ತಾಗಿಸಲಾರದಷ್ಟು ಬಿಸಿಯಾಗಿದ್ದರೆ ವಯರಿಗೆ ಕೈ ಹಾಕಬೇಡಿ. ಎಂಜಿನ್ ಅಥವಾ ಚಾರ್ಜರು ಆರಿಸಿ, ದೂರ ನಿಂತು ತಣಿಯಲು ಬಿಡಿ.

ಇನ್ನು ಮೇಲಿನ ಧೂಳು. ಸಂಡೂರಿನ ಕೆಂಪು ಧೂಳು ಬ್ಯಾಟರಿಯ ಬೆನ್ನ ಮೇಲೆ ಕೂತು, ಆಸಿಡ್ಡಿನ ಹನಿ ಸೇರಿ ಕೆಸರಾಗುತ್ತದೆ. ನಾನು ಹುಡುಗರಿಗೆ ಒಂದು ಆಟ ತೋರಿಸುತ್ತಿದ್ದೆ. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಮೈನಸ್ ಟರ್ಮಿನಲ್ಲಿಗೆ ಹಿಡಿದು, ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಾಸ್ಟಿಕ್ ಬೆನ್ನ ಮೇಲೆ ಎಳೆಯುವುದು. ಪ್ಲಾಸ್ಟಿಕ್ಕಿನ ಮೇಲೆ ಸೊನ್ನೆ ತೋರಿಸಬೇಕಲ್ಲವೇ? ಎರಡು ವೋಲ್ಟು, ನಾಲ್ಕು, ಏಳು, ಕಡ್ಡಿ ಪ್ಲಸ್ಸಿನ ಕಡೆ ಸರಿದ ಹಾಗೆ ಅಂಕಿ ಏರುತ್ತದೆ. ಆ ಕೆಸರೇ ವಯರಿನಂತೆ ಹಗಲೂ ರಾತ್ರಿ ಚಾರ್ಜನ್ನು ಸೋರಿಸುತ್ತಿರುತ್ತದೆ. ಅಡುಗೆ ಸೋಡಾ ಕದಡಿದ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ, ನೊರೆ ನಿಂತ ಮೇಲೆ ಚೊಕ್ಕ ನೀರಿನಲ್ಲಿ ಒರೆಸಿ ಒಣಗಿಸಿದರೆ ಆಟ ಮುಗಿಯಿತು, ಮೀಟರಿನಲ್ಲಿ ಸೊನ್ನೆ. ಒರೆಸುವಾಗ ಮುಚ್ಚಳಗಳು ಬಿಗಿಯಾಗಿರಲಿ, ಸೋಡಾ ಒಳಗೆ ಹೋದರೆ ಆಸಿಡ್ಡನ್ನೇ ಕೊಲ್ಲುತ್ತದೆ. ಒರೆಸದೆ ಮುಚ್ಚಳ ಬಿಚ್ಚಲೂ ಬೇಡಿ. ನಮ್ಮ ಧೂಳಿನಲ್ಲಿರುವುದು ಕಬ್ಬಿಣ. ಅದು ಒಳಗೆ ಬಿದ್ದು ಆಸಿಡ್ಡಿನಲ್ಲಿ ಕರಗಿದರೆ ಪ್ಲಸ್ ಪ್ಲೇಟಿಗೂ ಮೈನಸ್ ಪ್ಲೇಟಿಗೂ ನಡುವೆ ಓಡಾಡಿಕೊಂಡು ಚಾರ್ಜು ಕದಿಯುತ್ತಲೇ ಇರುತ್ತದೆ. ಬೋರಿನ ನೀರು ಹಾಕಬಾರದೆನ್ನುವುದೂ ಇದಕ್ಕೇ. ಡಿಸ್ಟಿಲ್ ವಾಟರೇ ಆಗಬೇಕು. ಕ್ಯಾನಿನಲ್ಲಿ ಬರುವ ಕುಡಿಯುವ ಫಿಲ್ಟರ್ ನೀರು ಡಿಸ್ಟಿಲ್ ವಾಟರ್ ಅಲ್ಲ.

ನೀರು ಹಾಕಬೇಕಾದದ್ದು ಚಾರ್ಜು ತುಂಬಿದ ಮೇಲೆ. ಚಾರ್ಜಾಗುವಾಗ ಒಳಗಿನ ದ್ರವ ಉಬ್ಬುತ್ತದೆ, ಮೊದಲೇ ತುಂಬಿಸಿದರೆ ಆಸಿಡ್ಡು ಹೊರಗೆ ಉಕ್ಕುತ್ತದೆ. ಪ್ಲೇಟು ಗಾಳಿಗೆ ತೆರೆದುಕೊಂಡಿದ್ದರೆ ಮಾತ್ರ ಅದು ಮುಳುಗುವಷ್ಟು ಮೊದಲೇ ಹಾಕಿ. ಆಸಿಡ್ಡು ಹಾಕುವ ಪ್ರಶ್ನೆಯೇ ಇಲ್ಲ. ಆವಿಯಾಗಿ ಹೋದದ್ದು ನೀರು, ಆಸಿಡ್ಡು ಒಳಗೇ ಇದೆ.

ಮೀಟರಿನ ಅಂಕಿಗಳನ್ನು ಬರೆದುಕೊಳ್ಳಿ. ಕೆಲವು ಗಂಟೆ ಸುಮ್ಮನೆ ಬಿಟ್ಟ ಬ್ಯಾಟರಿ 12.6 ವೋಲ್ಟಿನ ಮೇಲೆ ತೋರಿಸಿದರೆ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಅಂದರೆ ಖಾಲಿಗೆ ಹತ್ತಿರ. ನೋಡಿ, ತುಂಬಿದ್ದಕ್ಕೂ ಅರ್ಧಕ್ಕೂ ಅರ್ಧ ವೋಲ್ಟಿನ ಅಂತರವೂ ಇಲ್ಲ, ಬಲ್ಬು ಹಚ್ಚಿ ನೋಡಿ ಹೇಳುವ ಮಾತಲ್ಲ. ಮುಚ್ಚಳ ಬಿಚ್ಚುವ ಬ್ಯಾಟರಿಯಾದರೆ ಹೈಡ್ರೋಮೀಟರಿನಲ್ಲಿ ಆಸಿಡ್ಡಿನ ಗ್ರಾವಿಟಿ, ಅಂದರೆ ನೀರಿಗೆ ಹೋಲಿಸಿದ ಸಾಂದ್ರತೆ, ನೋಡಿ. ನಮ್ಮಂಥ ಬಿಸಿ ನಾಡಿನ ಬ್ಯಾಟರಿಗಳಲ್ಲಿ ತುಂಬಿದಾಗ 1.240ರ ಆಸುಪಾಸು ಇರುವುದುಂಟು, ಕೆಲವು ಕಂಪನಿಯವು 1.280ರವರೆಗೂ. ಯಾವುದಕ್ಕೆ ಎಷ್ಟು ಎಂದು ಅದರ ಪುಸ್ತಕದಲ್ಲಿರುತ್ತದೆ. ಆ ಅಂಕಿಗಿಂತ ನನಗೆ ಮುಖ್ಯವಾದದ್ದು ಆರು ಸೆಲ್ಲುಗಳ ನಡುವಿನ ವ್ಯತ್ಯಾಸ. ಐದು ಒಂದೇ ಸಮ ಇದ್ದು ಒಂದು ಮಾತ್ರ 0.050ರಷ್ಟು ಕೆಳಗಿದ್ದರೆ ಆ ಸೆಲ್ಲು ಸತ್ತಿದೆ. ಎಷ್ಟು ಚಾರ್ಜು ಕೊಟ್ಟರೂ ಏಳುವುದಿಲ್ಲ.

ಬ್ಯಾಟರಿ ಹೋಗಿದೆ ಎಂದು ತೀರ್ಮಾನಿಸುವ ಮುಂಚೆ ಇನ್ನೊಂದು ಕೆಲಸ ಮಾಡಿ. ಮೀಟರಿನ ಒಂದು ಕಡ್ಡಿ ಟರ್ಮಿನಲ್ಲಿನ ಸೀಸದ ಮೇಲೆ, ಇನ್ನೊಂದು ಕಡ್ಡಿ ಅದಕ್ಕೇ ಬಿಗಿದ, ವಯರಿನ ತುದಿಯ ಲಗ್ಗಿನ ಮೇಲೆ. ಆಪರೇಟರಿಗೆ ಸೆಲ್ಫ್ ಹೊಡೆಯಲು ಹೇಳಿ. ಎರಡರ ನಡುವೆ ಸೊನ್ನೆ ಇರಬೇಕು. ಅರ್ಧ ವೋಲ್ಟು ತೋರಿಸಿತೋ, ರೋಗ ಬ್ಯಾಟರಿಯದಲ್ಲ, ಆ ಕೂಡುವ ಜಾಗದ್ದು. ಬಿಳಿಯ, ತುತ್ತದಂಥ ನೀಲಿಯ ಪುಡಿ ಅಲ್ಲಿ ಕೂತಿರುತ್ತದೆ. ಉಜ್ಜಿ ಬಿಗಿದರೆ ಯಂತ್ರ ಏಳುತ್ತದೆ. ನನ್ನ ಕೈಕೆಳಗೆ ಬದಲಾದ ಬ್ಯಾಟರಿಗಳಲ್ಲಿ ಎಷ್ಟೋ ಈ ಪುಡಿಯ ತಪ್ಪಿಗೆ ಗುಜರಿಗೆ ಹೋದವು ಎಂದು ಈಗ ನನಗೆ ಅನಿಸುತ್ತದೆ. ಎಂಜಿನ್ ಓಡುವಾಗ ಆಲ್ಟರ್ನೇಟರು ಕೊಡುವುದು 28 ವೋಲ್ಟಿನ ಹತ್ತಿರ ಇದೆಯೇ ಎಂದೂ ನೋಡಬೇಕು. 29 ದಾಟಿ ಮೇಲೇ ನಿಂತಿದ್ದರೆ ಹೊಸ ಬ್ಯಾಟರಿಯನ್ನೂ ಅದು ಕುದಿಸಿ ಹಾಕುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವಯರು ಕಿತ್ತು ಆಲ್ಟರ್ನೇಟರ್ ಪರೀಕ್ಷೆ ಮಾಡುವ ಹಳೆಯ ಪದ್ಧತಿ ಈಗಿನ ಯಂತ್ರಗಳಿಗೆ ಮಾರಕ. ಆ ಕ್ಷಣದಲ್ಲಿ ವೋಲ್ಟು ನೂರರ ಮೇಲೆ ಜಿಗಿದು ಕಂಪ್ಯೂಟರನ್ನು ಸುಡಬಲ್ಲದು.

ಓಡದೆ ನಿಂತ ಯಂತ್ರದಲ್ಲೂ ಬ್ಯಾಟರಿ ಕೆಡುತ್ತದೆ. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿದ್ದು ನಿಮಗೆ ನೆನಪಿರಬಹುದು. ಆ ಆದೇಶದ ಹಿಂದಿನ ಕತೆ ಬೇರೆ, ಅದನ್ನು ಇಲ್ಲಿ ಎತ್ತುವುದಿಲ್ಲ. ರಿಪೇರಿಯವನ ಕಣ್ಣಿಗೆ ಕಂಡದ್ದು ಸಾಲಾಗಿ ನಿಂತ ಯಂತ್ರಗಳು. ಬಿಸಿಲಿನಲ್ಲಿ ನಿಂತೇ ಬ್ಯಾಟರಿಗಳು ಖಾಲಿಯಾದವು. ಖಾಲಿಯಾಗಿ ಉಳಿದ ಪ್ಲೇಟಿನ ಮೇಲೆ ಸೀಸದ ಸಲ್ಫೇಟು ಹರಳುಗಟ್ಟಿ ಕಲ್ಲಾಗುತ್ತದೆ, ಆಮೇಲೆ ಚಾರ್ಜು ಹತ್ತುವುದಿಲ್ಲ. ಮತ್ತೆ ಯಂತ್ರ ಎಬ್ಬಿಸುವ ದಿನ ಬಂದಾಗ ಒಳ್ಳೆಯ ಯಂತ್ರದ ಬ್ಯಾಟರಿಯಿಂದ ಸತ್ತದ್ದನ್ನು ಎಬ್ಬಿಸಲು ಎಲ್ಲರ ಕೈಯಲ್ಲೂ ಜಂಪರ್ ವಯರು. ಅದಕ್ಕೂ ಕ್ರಮವಿದೆ. 24ರ ಯಂತ್ರಕ್ಕೆ 24ರದ್ದೇ ಆಗಬೇಕು, ಎರಡು ಯಂತ್ರಗಳ ಮೈ ಒಂದಕ್ಕೊಂದು ತಾಗಬಾರದು. ಪ್ಲಸ್ಸಿಗೆ ಪ್ಲಸ್ಸು ಹಚ್ಚಿ, ಒಳ್ಳೆಯ ಯಂತ್ರದ ಮೈನಸ್ಸಿಗೆ ಹಚ್ಚಿ, ಕೊನೆಯ ತುದಿಯನ್ನು ಸತ್ತ ಯಂತ್ರದ ಬ್ಯಾಟರಿಗೆ ಹಚ್ಚದೆ, ಬ್ಯಾಟರಿಯಿಂದ ದೂರದ ಚೌಕಟ್ಟಿಗೆ ಹಚ್ಚಬೇಕು. ಕೊನೆಯ ತುದಿ ತಾಗುವಾಗ ಕಿಡಿ ಹಾರುತ್ತದೆ, ಆ ಕಿಡಿ ಅನಿಲದ ಹತ್ತಿರ ಹಾರದಿರಲಿ ಎಂದು. ತೆಗೆಯುವಾಗ ಉಲ್ಟಾ. ಯಂತ್ರ ನಿಲ್ಲಿಸಿಡುವ ಹಾಗಿದ್ದರೆ ಅರ್ತ್ ಬಿಚ್ಚಿಟ್ಟು, ಆಗಾಗ ವೋಲ್ಟು ನೋಡಿ, 12.4ಕ್ಕಿಂತ ಇಳಿದರೆ ಚಾರ್ಜು ಕೊಡುತ್ತಿದ್ದರೆ ಈ ಪಾಡೇ ಇಲ್ಲ.

ಬದಲಿಸುವಾಗಿನ ನಾಲ್ಕು ಮಾತು. ಜೋಡಿಯನ್ನು ಜೋಡಿಯಾಗಿಯೇ ಬದಲಿಸಿ, ಒಂದೇ ಕಂಪನಿ, ಒಂದೇ ಆಂಪಿಯರ್, ಒಂದೇ ವಯಸ್ಸು. ಹಳೆಯದರ ಜೊತೆ ಹೊಸದನ್ನು ಕಟ್ಟಿದರೆ ಒಂದು ಬೇಗ ತುಂಬಿ ಕುದಿಯುತ್ತದೆ, ಇನ್ನೊಂದು ಅರೆಹೊಟ್ಟೆಯಲ್ಲೇ ಉಳಿಯುತ್ತದೆ, ಕೊನೆಗೆ ಎರಡೂ ಹೋಗುತ್ತವೆ. ಕೊಳ್ಳುವಾಗ ಪ್ಲಸ್ಸು ಎಡಕ್ಕಿದೆಯೋ ಬಲಕ್ಕೋ ನೋಡಿ. ಅದು ಉಲ್ಟಾ ಇದ್ದರೆ ವಯರು ನಿಲುಕುವುದಿಲ್ಲ, ನಿಲುಕಿದ ಟರ್ಮಿನಲ್ಲಿಗೇ ಬಿಗಿದು ಆಲ್ಟರ್ನೇಟರ್ ಸುಟ್ಟುಕೊಂಡವರಿದ್ದಾರೆ. ದುಂಡು ಟರ್ಮಿನಲ್ಲುಗಳಲ್ಲಿ ಪ್ಲಸ್ಸು ತುಸು ದಪ್ಪ, ಬೆರಳಿಗೇ ಗೊತ್ತಾಗುತ್ತದೆ. ಲಗ್ಗು ಕೂರದಿದ್ದರೆ ಸುತ್ತಿಗೆಯಿಂದ ಬಡಿಯಬೇಡಿ, ಲಗ್ಗಿನ ಬಾಯಿ ಅಗಲಿಸಿ. ಬಡಿದ ಪೆಟ್ಟಿಗೆ ಒಳಗಿನ ಬೆಸುಗೆ ಬಿಟ್ಟರೆ ಮುಂದೊಂದು ದಿನ ಸೆಲ್ಫ್ ಹೊಡೆದಾಗ ಕಿಡಿ ಬ್ಯಾಟರಿಯ ಹೊಟ್ಟೆಯೊಳಗೇ ಹಾರುತ್ತದೆ. ಬಿಗಿದ ಮೇಲೆ ವ್ಯಾಸಲೀನ್ ಸವರಿ. ಎತ್ತುವುದು ಇಬ್ಬರು, ಪಟ್ಟಿ ಹಾಕಿ, ಮೈಗೆ ಅವುಚಿಕೊಳ್ಳದೆ. ಏಣಿಯ ಮೇಲೆ ನಿಂತು ಒಬ್ಬನೇ ನಲವತ್ತೈದು ಕಿಲೋ ಎಳೆದುಕೊಂಡು ಸೊಂಟ ಕಳೆದುಕೊಂಡವರ ಹೆಸರು ನನಗೆ ಎಷ್ಟೋ ಗೊತ್ತು.

ಹಳೆಯ ಬ್ಯಾಟರಿಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಇದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಅದಕ್ಕೆ ಬೆಲೆ ಇದೆ, ಆದ್ದರಿಂದ ಊರ ಹೊರಗಿನ ಹಿತ್ತಲಲ್ಲಿ ಒಡೆದು, ಆಸಿಡ್ಡನ್ನು ಚರಂಡಿಗೆ ಸುರಿದು, ಸೀಸ ಕರಗಿಸುವವರು ಇದ್ದಾರೆ. ಆ ಹೊಗೆ ಮೊದಲು ಹೋಗುವುದು ಅಲ್ಲೇ ಆಡುವ ಅವರದೇ ಮಕ್ಕಳ ರಕ್ತಕ್ಕೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷದ ಬಗ್ಗೆ ದಶಕಗಳ ಕಾಲ ದುಡಿದು ಇದನ್ನು ದೇಶಕ್ಕೆ ತಿಳಿಸಿದರು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ವಾಪಸ್ ಪಡೆದು ಸರಿಯಾಗಿ ಸಂಸ್ಕರಿಸುವ ಹೊಣೆ ತಯಾರಕರದು. ಹೊಸದು ಕೊಂಡ ಅಂಗಡಿಗೇ ಹಳೆಯದನ್ನು ಆಸಿಡ್ ಸಮೇತ, ನೆಟ್ಟಗೆ ನಿಲ್ಲಿಸಿಕೊಂಡು ಒಯ್ಯಿರಿ.

ಇನ್ನು ನನ್ನ ತಕರಾರು. ಬ್ಯಾಟರಿ ಕೆಲಸ ಯಾವಾಗಲೂ ಯಾರ ಪಾಲಿಗೆ ಬರುತ್ತದೆ? ಎಂಜಿನ್ನಿಗೆ ಕಂಪನಿಯ ತಂತ್ರಜ್ಞ ಬರುತ್ತಾನೆ, ಹೈಡ್ರಾಲಿಕ್ಕಿಗೆ ಮೇಸ್ತ್ರಿ. ಬ್ಯಾಟರಿಗೆ "ಏ ಹುಡುಗ, ಬ್ಯಾಟರಿ ಬಿಚ್ಚೋ". ಗಣಿಯಲ್ಲಿ, ರಸ್ತೆ ಕೆಲಸದಲ್ಲಿ, ಕಲ್ಲು ಕ್ವಾರಿಯಲ್ಲಿ, ಎಲ್ಲೆಡೆ ಇದೇ. ಅತಿ ಕಡಿಮೆ ಸಂಬಳದವನ, ಅತಿ ಕಡಿಮೆ ಕಲಿಸಿದವನ ಮುಖದ ಮುಂದೆ ನಾವು ಆರಿಸಲಾಗದ ಈ ಪೆಟ್ಟಿಗೆಯನ್ನು ಇಡುತ್ತೇವೆ. ಅವನಿಗೆ ಕಣ್ಣು ಕಾಯುವ ಕನ್ನಡಕ ಕೊಡಲು ಸ್ಟೋರಿನಲ್ಲಿ ನಾಲ್ಕು ಸಹಿ ಬೇಕು. ಎಚ್ಚರಿಕೆಯ ಸ್ಟಿಕ್ಕರು ಇಂಗ್ಲಿಷಿನಲ್ಲಿ. ಕಣ್ಣು ಕಳೆದುಕೊಂಡ ಆ ಹುಡುಗನಿಗೆ ಓದಲು ಬರುತ್ತಿತ್ತು, ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋಗಿದ್ದ. ಚಾರ್ಜರಿನ ಮೇಲೆ "ಮೊದಲು ಸ್ವಿಚ್ ಆರಿಸು" ಎಂದು ಮೂರು ಪದ ಕನ್ನಡದಲ್ಲಿ ಇದ್ದಿದ್ದರೆ ಅವನು ಓದುತ್ತಿದ್ದ.

ಆಮೇಲೆ ಬರೆದೆ. ಬಿಳಿ ಪೇಂಟು ತಗೊಂಡು, ನಮ್ಮಲ್ಲಿದ್ದ ಪ್ರತಿ ಯಂತ್ರದ ಬ್ಯಾಟರಿ ಪೆಟ್ಟಿಗೆಯ ಮುಚ್ಚಳದ ಒಳಮೈಗೆ: "ಕನ್ನಡಕ ಹಾಕು. ಮೈನಸ್ ಮೊದಲು ಬಿಚ್ಚು. ಮೈನಸ್ ಕೊನೆಗೆ ಕಟ್ಟು." ಶೆಡ್ಡಿಗೆ ಒಂದು ನಲ್ಲಿ ಎಳೆಸಲು ಎರಡು ವರ್ಷ ಹಿಡಿಯಿತು. ನಲ್ಲಿಯ ಮೇಲೆ ಬರೆದದ್ದು: "ಕಣ್ಣಿಗೆ ಆಸಿಡ್ ಬಿದ್ದರೆ ಹದಿನೈದು ನಿಮಿಷ ಇಲ್ಲೇ ನಿಲ್ಲು." ಅದಕ್ಕಿಂತ ಮುಂಚೆ ಆಸ್ಪತ್ರೆಗೂ ಓಡಬೇಡಿ, ಗಾಡಿ ಬರುವಷ್ಟರಲ್ಲಿ ತೊಳೆಯುತ್ತಲೇ ಇರಿ. ಹರಳೆಣ್ಣೆ, ತುಪ್ಪ, ಸೋಡಾ ಯಾವುದನ್ನೂ ಕಣ್ಣಿಗೆ ಹಾಕಬೇಡಿ. ನೀರು ಮಾತ್ರ.

ಆ ಹುಡುಗ, ಈಗ ಅವನೇ ಮೇಸ್ತ್ರಿ, ಗುತ್ತಿಗೆದಾರರೊಬ್ಬರ ಯಂತ್ರಗಳನ್ನು ನೋಡಿಕೊಳ್ಳುತ್ತಾನೆ. ಈ ಎರಡು ಬ್ಯಾಟರಿಗಳನ್ನು ಬಿಚ್ಚಿ ಕಳಿಸಿದವನು ಅವನೇ. ಟರ್ಮಿನಲ್ಲುಗಳ ಮೇಲೆ ರಬ್ಬರ್ ತುಂಡು ಮುಚ್ಚಿ, ಹಗ್ಗದಲ್ಲಿ ಕಟ್ಟಿ ಕಳಿಸಿದ್ದಾನೆ. ಒಂದರಲ್ಲಿ ಒಂದು ಸೆಲ್ಲು ಸತ್ತಿದೆ, ಯಾವುದೆಂದು ಹೇಳಬೇಡಿ, ಮಕ್ಕಳು ಹುಡುಕಲಿ ಎಂದಿದ್ದಾನೆ.

ಹುಡುಕೋಣ. ಕಿಟಕಿಗಳನ್ನು ತೆಗೆಯಿರಿ, ಫ್ಯಾನಿನ ಸ್ವಿಚ್ಚು ಈಗಲೇ ಹಾಕಿಬಿಡಿ, ಆಮೇಲೆ ಮುಟ್ಟುವುದು ಬೇಡ. ಹೊರಗಿನ ನಲ್ಲಿಯಲ್ಲಿ ನೀರು ಬರುತ್ತಿದೆಯೇ ಎಂದು ಯಾರಾದರೊಬ್ಬರು ನೋಡಿ ಬನ್ನಿ. ಉಂಗುರ, ವಾಚು, ಬಳೆ ಎಲ್ಲ ಬಿಚ್ಚಿ ಬ್ಯಾಗಿನಲ್ಲಿಡಿ. ಕನ್ನಡಕಗಳೂ ಕೈಗವಸುಗಳೂ ಆ ಪೆಟ್ಟಿಗೆಯಲ್ಲಿವೆ, ಐದು ಜೊತೆ. ಐದೈದು ಜನ ಬನ್ನಿ. ಹಿಂದಿನ ಸಾಲಿನವರು ಮೊದಲು.